ಸೂಜಿಯ ಹಿಡಿ

ಭಾನುವಾರ ಬೆಳಗ್ಗೆ ಆರೂವರೆಗೆ ಬಿಡದಿಯ ತಟ್ಟೆ ಇಡ್ಲಿ ಹೋಟೆಲುಗಳ ಮುಂದೆ ನಿಂತ ಬೈಕುಗಳ ನಡುವೆ ಒಂದು ಸುತ್ತು ಹಾಕಿ. ಯಾರಾದರೊಬ್ಬರು ಟ್ಯಾಂಕ್ ಬ್ಯಾಗಿನಿಂದ ಅಂಗೈಯಷ್ಟು ದೊಡ್ಡ ಬ್ಯಾಟರಿ ಪಂಪ್ ತೆಗೆದು ತೋರಿಸುತ್ತಿರುತ್ತಾರೆ. ಉಳಿದವರು ಅದನ್ನು ಬಾಣಂತಿ ಮನೆಯ ಕೂಸಿನ ಹಾಗೆ ಕೈಯಿಂದ ಕೈಗೆ ದಾಟಿಸುತ್ತಿರುತ್ತಾರೆ. 2023ರ ಆಗಸ್ಟ್ 1ರಿಂದ ಮೈಸೂರು ಹೆದ್ದಾರಿಯ ಮುಖ್ಯ ಪಥದಿಂದ ಬೈಕುಗಳನ್ನು ಹೊರಗಿಟ್ಟ ಮೇಲೆ ನಾವೆಲ್ಲ ಸರ್ವಿಸ್ ರಸ್ತೆಯ ಪ್ರಜೆಗಳು. ಜಲ್ಲಿ, ತಂತಿ, ಮೊಳೆ ಬಂದು ಸೇರುವುದೂ ಅಲ್ಲಿಗೇ. ಆದ್ದರಿಂದ ಪಂಚರ್ ಸಾಮಾನು ಒಯ್ಯಬೇಕೋ ಬೇಡವೋ ಎಂಬ ಚರ್ಚೆಯನ್ನು ನಾನು ಎತ್ತುವುದಿಲ್ಲ. ಒಯ್ಯಬೇಕು. ನನ್ನ ತಕರಾರು ಇರುವುದು ಆ ಚೀಲದೊಳಗೆ ಅಗ್ರಪೂಜೆ ಯಾರಿಗೆ ಸಲ್ಲುತ್ತಿದೆ ಎಂಬುದರ ಬಗ್ಗೆ.

ಪಂಪಿಗೆ ಸಲ್ಲಬೇಕಾದ್ದನ್ನು ಮೊದಲು ಸಲ್ಲಿಸಿಬಿಡುತ್ತೇನೆ. 32 ಪಿಎಸ್‌ಐ ಒತ್ತಿದರೆ 32ಕ್ಕೆ ತಾನೇ ನಿಲ್ಲುತ್ತದೆ. ಕತ್ತಲಲ್ಲಿ ಟಾರ್ಚ್ ಆಗುತ್ತದೆ. ಸಣ್ಣಗೆ ಗಾಳಿ ಇಳಿಯುತ್ತಿರುವ ಚಕ್ರವನ್ನು ಮುಂದಿನ ಊರಿನ ತನಕ ದಾಟಿಸಲು ಒಳ್ಳೆಯ ಜೊತೆ. ಅದರ ಎದುರಾಳಿಯಾದ ಕಾರ್ಬನ್ ಡೈಆಕ್ಸೈಡ್ ಕಾರ್ಟ್ರಿಡ್ಜನ್ನು ಒಂದೇ ಲೆಕ್ಕದಲ್ಲಿ ಮುಗಿಸಬಹುದು: 16 ಗ್ರಾಮಿನದು ಒಂಬತ್ತು ಲೀಟರಿನಷ್ಟು ಅನಿಲ ಕೊಡುತ್ತದೆ, ಹತ್ತು ಲೀಟರ್ ಹಿಡಿಸುವ ಹಿಂದಿನ ಟೈರಿಗೆ ಅದು ಹದಿಮೂರು ಪಿಎಸ್‌ಐ ಆದರೆ ಹೆಚ್ಚು. ಮೂರು ಬೇಕು. ಸೈಕಲ್ಲಿನವರ ಸಾಮಾನು, ಸೈಕಲ್ಲಿಗೇ ಇರಲಿ. ಹೊಗಳಿಕೆ ಇಲ್ಲಿಗೆ ಸಾಕು.

ಎರಡು ಮಳೆಗಾಲದ ಹಿಂದೆ ಚಾರ್ಮಾಡಿ ಘಾಟಿ ಹತ್ತುವಾಗ ನನ್ನ ಹಿಂದಿನ ಟೈರಿಗೆ ಒಂದೂವರೆ ಇಂಚಿನ ಸ್ಕ್ರೂ ಹೊಕ್ಕಿತು. ಪಂಪ್ ಭರ್ತಿ ಚಾರ್ಜಾಗಿತ್ತು. ಸ್ಕ್ರೂ ಕಿತ್ತೆ, ತೂತು ಕೆರೆದೆ, ರಬ್ಬರ್ ಬತ್ತಿ ಪೋಣಿಸಿ ಸೂಜಿ ಒತ್ತಿದೆ. ಸ್ಕ್ರೂಡ್ರೈವರಿನಂತಿದ್ದ ಪ್ಲಾಸ್ಟಿಕ್ ಹಿಡಿ ನನ್ನ ಕೈಯಲ್ಲಿ ಉಳಿಯಿತು, ಸೂಜಿ ಟೈರಿನಲ್ಲಿ. ಪಕ್ಕದಲ್ಲಿ ಪಂಪು ಸೊನ್ನೆ ತೋರಿಸುತ್ತಾ ಹಸಿರಾಗಿ ಬೆಳಗುತ್ತಿತ್ತು. ಬಾಳೆಗೊನೆ ಇಳಿಸಿ ಬರುತ್ತಿದ್ದ ಪಿಕಪ್ಪಿನಲ್ಲಿ ಬೈಕನ್ನು ಕೊಟ್ಟಿಗೆಹಾರಕ್ಕೆ ಸಾಗಿಸಿದ್ದಾಯಿತು. ಪಂಚರ್ ಅಂಗಡಿಯ ಹಿರಿಯರು ನನ್ನ ಕಿಟ್ಟನ್ನು ತಿರುಗಿಸಿ ನೋಡಿ, “ಇದು ಮಕ್ಕಳ ಆಟದ ಸಾಮಾನಲ್ವಾ ಮಾರಾಯ್ರೆ?” ಎಂದರು. ಅವರ ಸೂಜಿಗೆ ಕಬ್ಬಿಣದ ಸರಳಿನ ತುಂಡನ್ನು ಅಡ್ಡಲಾಗಿ ವೆಲ್ಡ್ ಮಾಡಿ, ಮೇಲೆ ಹಳೆಯ ಸೈಕಲ್ ಟ್ಯೂಬ್ ಸುತ್ತಿದ್ದರು. ಎರಡು ನಿಮಿಷದ ಕೆಲಸ.

ಆ ಎರಡು ನಿಮಿಷವನ್ನು ಬಿಡಿಸಿ ನೋಡಬೇಕು. ಮೊದಲನೆಯದಾಗಿ, ಅವರಾಗಿದ್ದರೆ ಸ್ಕ್ರೂವನ್ನು ಕಂಡ ಕೂಡಲೇ ಕೀಳುತ್ತಿರಲಿಲ್ಲವಂತೆ. ಮೊಳೆ ನೆಟ್ಟಗೆ ಹೊಕ್ಕಿರುವುದು ಅಪರೂಪ. ಅದು ಯಾವ ಕಡೆಗೆ ವಾಲಿದೆ ಎಂದು ನೋಡಿಕೊಂಡು ಕಿತ್ತರೆ, ಕೆರೆಯುವ ಅರವೂ ಸೂಜಿಯೂ ಅದೇ ದಾರಿ ಹಿಡಿಯುತ್ತವೆ. ನೆಟ್ಟಗೆ ಒತ್ತಿದರೆ ಎರಡನೆಯ ತೂತು ಕೊರೆದ ಹಾಗೆ. ಕೆರೆಯುವುದೂ ಹದದ ಮಾತು. ಟೈರಿನೊಳಗೆ ನೈಲಾನ್ ಎಳೆಗಳು ಅಡ್ಡಾದಿಡ್ಡಿ ಹಾಸಿರುತ್ತವೆ. ಕಡಿಮೆ ಕೆರೆದರೆ ಬತ್ತಿ ನುಗ್ಗುವುದಿಲ್ಲ, ಹೆಚ್ಚಾದರೆ ಎಳೆಗಳೇ ಹರಿಯುತ್ತವೆ. ಬತ್ತಿಗೆ ಸಲ್ಯೂಷನ್ ಸವರಿ, ಎರಡು ಬಾಲ ಬೆರಳಗಲ ಹೊರಗುಳಿಯುವಷ್ಟು ಒತ್ತಿ, ಸೂಜಿಯನ್ನು ತಿರುಚದೆ ಒಂದೇ ಸೆಳೆತಕ್ಕೆ ಹೊರಗೆಳೆಯಬೇಕು. ಸೂಜಿಗಣ್ಣು ತೆರೆದಿರುವುದೇ ಇದಕ್ಕಾಗಿ: ಮಡಿಕೆ ಒಳಗೆ ಉಳಿಯಬೇಕು, ಸೂಜಿ ಬರಿಗೈಯಲ್ಲಿ ಹೊರಗೆ ಬರಬೇಕು.

ಇದಿಷ್ಟೂ ನಡೆಯುವುದು ಹಿಡಿಯ ಮೇಲೆ. ಒತ್ತಲು ಬೇಕಾದ್ದು ಮೈಭಾರ, ಬೆರಳ ಬಲವಲ್ಲ. ಅಡ್ಡ ಹಿಡಿಯ ಮೇಲೆ ಅಂಗೈ ಕೂರುತ್ತದೆ, ಭುಜ ಇಳಿಯುತ್ತದೆ. ನೆಟ್ಟನೆಯ ಹಿಡಿ ಬೆವರಿನಲ್ಲಿ ಜಾರುತ್ತದೆ. ಪೆಟ್ಟಿಗೆಯಲ್ಲಿ ಚಂದವಾಗಿ ಕೂರಲಿ ಎಂದೇ ಅದನ್ನು ನೆಟ್ಟಗೆ ಮಾಡಿರುತ್ತಾರೆ, ಟೈರಿನಲ್ಲಿ ಕೂರಲಿ ಎಂದಲ್ಲ. ಇನ್ನೊಂದು ಮಾತನ್ನೂ ಹಿರಿಯರೇ ಹೇಳಿದ್ದು: ಮೊಳೆ ಇರುವಾಗಲೇ ಟೈರಿಗೆ ಗಾಳಿ ಹೊಡೆದುಕೊಳ್ಳಬೇಕು. ಗಾಳಿ ಇಳಿದ ಟೈರು ಸೂಜಿ ಒತ್ತಿದಲ್ಲೆಲ್ಲ ಒಳಗೆ ಬಾಗುತ್ತದೆ. ಬಿಗಿದದ್ದು ಎದುರು ನಿಲ್ಲುತ್ತದೆ. ಅಂದರೆ ಪಂಪಿನ ಮುಖ್ಯ ಕೆಲಸ ಬರುವುದು ಕೊನೆಯಲ್ಲಲ್ಲ, ಮೊದಲಲ್ಲಿ. ಅದರ ಭಕ್ತರಲ್ಲಿ ಒಬ್ಬರೂ ನನಗೆ ಇದನ್ನು ಹೇಳಿರಲಿಲ್ಲ.

ಪಂಪಿಗಿಂತ ಹಿಡಿ ಮುಖ್ಯ ಎಂಬ ಈ ಮಾತನ್ನು ನಾನು ಎತ್ತಿದಾಗಲೆಲ್ಲ ಮೂರು ಪಂಗಡದವರು ಎದ್ದು ನಿಲ್ಲುತ್ತಾರೆ. ಚೇತಕ್ ಸ್ಕೂಟರ್ ಕಾಲದವರದು ಹಳಹಳಿಕೆ: ಸ್ಟೆಪ್ನಿ ಇತ್ತು, ನಟ್ಟು ಬಿಚ್ಚಿದರೆ ಆಯಿತು. ನಿಜ, ಹಿಂದೆ ಮುಂದೆ ಒಂದೇ ಅಳತೆಯ ಹತ್ತಿಂಚಿನ ಚಕ್ರ. 1904ರಲ್ಲಿ ವೇಲ್ಸಿನ ಸ್ಟೆಪ್ನಿ ಬೀದಿಯ ಅಂಗಡಿಯೊಂದರಿಂದ ಹೊರಟ ಹೆಸರು ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಬದುಕಿದೆ, ಬೈಕಿನಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ. ಎರಡನೆಯವರು, “ಕಿಲೋಮೀಟರಿಗೊಂದು ಪಂಚರ್ ಅಂಗಡಿ ಇದೆಯಲ್ಲ” ಎನ್ನುವವರು. ಅವರು ಗುಂಡ್ಲುಪೇಟೆ ದಾಟಿ ಮೇಲುಕಾಮನಹಳ್ಳಿ ಚೆಕ್‌ಪೋಸ್ಟಿನಾಚೆಯ ಕಾಡಿಗೆ ಒಮ್ಮೆ ಹೋಗಿಬರಲಿ. ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಆ ರಸ್ತೆಯೇ ಬಂದ್. ಹಗಲಲ್ಲೂ ಗಾಡಿ ನಿಲ್ಲಿಸುವ ಹಾಗಿಲ್ಲ. ಅಲ್ಲಿ ಅಂಗಡಿ ಇಡಬೇಕಾದವರು ಆನೆಗಳೇ.

ಮೂರನೆಯವರ ಜೊತೆ ನನ್ನ ಜಗಳ ಹಳೆಯದು. ಹೊರಗಿನಿಂದ ಬತ್ತಿ ತುರುಕುವುದು ದುರಸ್ತಿಯೇ ಅಲ್ಲ, ಟೈರ್ ಬಿಚ್ಚಿ ಒಳಗಿನಿಂದ ಅಣಬೆಯಾಕಾರದ ಪ್ಯಾಚ್ ಹಾಕುವುದೇ ಶಾಸ್ತ್ರ ಎನ್ನುತ್ತಾರೆ. ಟೈರ್ ಕಂಪನಿಗಳೂ ಹಾಗೇ ಹೇಳುತ್ತವೆ. ಒಪ್ಪಿದೆ. ಆದರೆ ಟೈರಿನ ಅಂಚನ್ನು ರಿಮ್ಮಿನಿಂದ ಎಬ್ಬಿಸುವುದು ಘಾಟಿಯ ತಿರುವಿನಲ್ಲಿ, ಮಳೆಯಲ್ಲಿ, ಯಾರು? ತಮಾಷೆಯೆಂದರೆ ಇದೇ ಶಾಸ್ತ್ರಿಗಳು ಮುಂಜಾಗ್ರತೆ ಎಂದು ಟೈರಿನೊಳಗೆ ಸೀಲಂಟ್ ಸುರಿದುಕೊಂಡಿರುತ್ತಾರೆ. ದೊಡ್ಡ ತೂತಾದಾಗ ಆ ಲೋಳೆ ರಸ್ತೆಗೂ ಮಡ್‌ಗಾರ್ಡಿಗೂ ಹಾರುತ್ತದೆ. ಒಳಮೈ ಒರೆಸಿ ಒಣಗಿಸದೆ ಅವರ ಶಾಸ್ತ್ರೋಕ್ತ ಪ್ಯಾಚೂ ಅಂಟುವುದಿಲ್ಲ. ಆ ಲೋಳೆ ಬಳಿಯುವಾಗ ಅಂಗಡಿಯವರು ಏನೆನ್ನುತ್ತಾರೆ ಎಂದು ಇವರು ಕೇಳಿಸಿಕೊಂಡಿಲ್ಲ. ನಾನು ಕೇಳಿದ್ದೇನೆ, ಬರೆಯುವ ಹಾಗಿಲ್ಲ. ಬತ್ತಿಗೂ ಮಿತಿಯಿದೆ. ಟೈರಿನ ಪಕ್ಕೆ ಹರಿದರೆ ಅದು ನಡೆಯುವುದಿಲ್ಲ. ಸ್ಪೋಕ್ ಚಕ್ರದೊಳಗೆ ಟ್ಯೂಬ್ ಇರುವ ಗಾಡಿಗೆ ಈ ಕಿಟ್ ಹೊರೆಯಷ್ಟೇ. ಅಂಥ ಗಾಡಿಯವರ ಸಂಕಟ ಬೇರೆ, ಲಿವರ್ ಬೇರೆ.

ಊರಿಗೆ ಬಂದವನೇ ವೆಲ್ಡಿಂಗ್ ಅಂಗಡಿಯಲ್ಲಿ ಅಡ್ಡ ಹಿಡಿ ಮಾಡಿಸಿದೆ. ಆಮೇಲೆ ಪರಿಚಯದ ಟೈರ್ ಅಂಗಡಿಯ ಹಿಂದೆ ಎಸೆದಿದ್ದ ಟೈರೊಂದಕ್ಕೆ ಐದು ಮೊಳೆ ಹೊಡೆದು ಕೂತೆ. ಮೊದಲ ಬತ್ತಿ ಪೂರ್ತಿ ಒಳಗೆ ಬಿದ್ದುಹೋಯಿತು. ಎರಡನೆಯದು ಸೂಜಿಯ ಜೊತೆಗೇ ವಾಪಸು ಬಂತು. ಮೂರನೆಯದರಲ್ಲಿ ವಾಲಿದ ದಿಕ್ಕು ತಪ್ಪಿದೆ. ನಾಲ್ಕನೆಯದು ನಿಂತಿತು. ಐದನೆಯದನ್ನು ಅಂಗಡಿಯ ಹುಡುಗ ನನ್ನ ಕೈಯಿಂದ ಸೂಜಿ ಕಿತ್ತುಕೊಂಡು, ಫೋನನ್ನು ಕಿವಿ ಭುಜಗಳ ನಡುವೆ ಸಿಕ್ಕಿಸಿಕೊಂಡು ಮಾತಾಡುತ್ತಲೇ ಹಾಕಿ ಮುಗಿಸಿದ.