ಹಳೆಯದೂ ಹಳಸಿದ್ದೂ

ದ್ರಾಕ್ಷಾಮದ್ಯದ ವಿಚಾರವನ್ನು ಸಾಹಿತ್ಯದ ಪುಟದಲ್ಲಿ ಎತ್ತುವುದೇ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಅಂಥವರಿಗೆ ಜಾರ್ಜ್ ಸೇಂಟ್ಸ್‌ಬರಿಯ ಹೆಸರನ್ನು ಜ್ಞಾಪಿಸಬೇಕು. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕನಾಗಿದ್ದು, ಯೂರೋಪಿನ ವಿಮರ್ಶೆಯ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಬರೆದ ಈ ಪಂಡಿತ, 1920ರಲ್ಲಿ ತನ್ನ ನೆಲಮಾಳಿಗೆಯ ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು ತಾನು ಕುಡಿದ ಮದ್ಯಗಳನ್ನು ಕುರಿತೇ ಒಂದು ಗ್ರಂಥ ರಚಿಸಿದ. ವಿಮರ್ಶೆಯ ಸಂಪುಟಗಳಿಗೆ ಈಗ ಧೂಳು ಹಿಡಿದಿದೆ. ಈ ಸಣ್ಣ ಪುಸ್ತಕಕ್ಕೆ ಇನ್ನೂ ಓದುಗರಿದ್ದಾರೆ.

ಅದರಲ್ಲಿ ಅವನು 1846ನೆಯ ಇಸವಿಯ ಎರ್ಮಿತಾಜ್ ಎಂಬ ಫ್ರೆಂಚ್ ಕೆಂಪು ವೈನನ್ನು, ಅದಕ್ಕೆ ನಲವತ್ತು ವರ್ಷ ತುಂಬಿದಾಗ ಕುಡಿದು, ಗಂಡುತನದ ಗುಣವನ್ನು ಅದಕ್ಕೆ ಆರೋಪಿಸಿ ಹೊಗಳಿದ್ದಾನೆ. ಒಬ್ಬ ಹಿರಿಯರ ಶೀಲವನ್ನು ವರ್ಣಿಸಿದ ಹಾಗೆ ಮದ್ಯದ ಶೀಲವನ್ನು ವರ್ಣಿಸುವ ಮಾರ್ಗ ಅದು. 1984ರಲ್ಲಿ ಕ್ಯಾಲಿಫೋರ್ನಿಯಾದ ಆನ್ ನೋಬಲ್ ಎಂಬ ವಿಜ್ಞಾನಿ ಇನ್ನೊಂದು ಮಾರ್ಗ ಹಾಕಿಕೊಟ್ಟರು: ಶೀಲದ ಮಾತು ಬಿಡಿ, ಮೂಗಿಗೆ ಬಂದದ್ದನ್ನು ಹೇಳಿ ಎಂದು, ಹಣ್ಣು ಹೂವು ಸಾಂಬಾರ ಪದಾರ್ಥಗಳ ಹೆಸರುಗಳನ್ನು ಒಂದು ಚಕ್ರದಲ್ಲಿ ಬರೆದರು. ಇಂದು ಶೀಸೆಯ ಹಿಂದಿನ ಚೀಟಿಯಲ್ಲಿ ಕಾಣುವುದು ಈ ಚಕ್ರದ ಭಾಷೆ. ಬ್ಲ್ಯಾಕ್‌ಕರಂಟ್ ಹಣ್ಣಂತೆ, ಸೀಡರ್ ಮರವಂತೆ! ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹುಟ್ಟಿ ಬೆಳೆದವನು ಆ ಹಣ್ಣನ್ನು ಕಂಡಿಲ್ಲ, ಆ ಮರವನ್ನು ಮೂಸಿಲ್ಲ. ಆದರೂ ಆ ಮಾತನ್ನೇ ಒಪ್ಪಿಸಿ ರಸಿಕನೆನ್ನಿಸಿಕೊಳ್ಳುತ್ತಾನೆ. ಇದು ಬಾಯಿಪಾಠ, ಆಸ್ವಾದವಲ್ಲ.

ನಮ್ಮ ಸೀಮೆಗೆ ಈ ಮಾತು ಒದಗಿಬರದಿದ್ದುದಕ್ಕೆ ಕಾರಣವೂ ಉಂಟು. 1953ರ ಅಕ್ಟೋಬರ್ ಒಂದರವರೆಗೆ ಬಳ್ಳಾರಿ ಮದರಾಸಿಗೆ ಸೇರಿತ್ತು. 1948ರ ಹೊತ್ತಿಗೆ ಆ ಪ್ರಾಂತ್ಯವೆಲ್ಲ ಪಾನನಿರೋಧದ ಕೆಳಗೆ ಬಂದಿತ್ತು. ಕುಡಿಯುವುದು ತಪ್ಪಾದ ಮೇಲೆ ಕುಡಿತದ ರುಚಿಯನ್ನು ಕುರಿತು ಸಭ್ಯರು ಮಾತಾಡುವುದೆಂತು? ಆದರೆ ಅದು ಈಚಿನ ಮಾತು. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಸೂಳೆಗೇರಿಯ ಪಾನಗೋಷ್ಠಿಯ ವರ್ಣನೆ ಇದೆ. ಕುರುಗೋಡಿನ ಸಿಂದರು ಯಾರಿಗೆ ಸಾಮಂತರಾಗಿದ್ದರೋ ಆ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮದಿರಾಪಾನವೂ ಅರಸನ ವಿನೋದಗಳಲ್ಲಿ ಒಂದು. ಕುಡಿಯಿರೆಂದು ಇದನ್ನು ಹೇಳುತ್ತಿಲ್ಲ. ಮಾತು ನಮ್ಮಲ್ಲಿ ಇತ್ತೆಂದಷ್ಟೇ ಹೇಳುತ್ತಿದ್ದೇನೆ.

ಇತ್ತು ಮಾತ್ರವಲ್ಲ, ಇದೆ. ಬೋರ್ಡೋ ಸೀಮೆಯ ಕ್ಯಾಬರ್ನೆ ಸೊವಿನ್ಯೋಂ ದ್ರಾಕ್ಷಿಯ ಎಳೆಯ ಮದ್ಯವನ್ನು ಬಾಯಿಗೆ ಹಾಕಿದರೆ ಮೊದಲು ಸಿಕ್ಕುವುದು ಒಗರು. ಇಂಗ್ಲಿಷಿನವನು ಇದಕ್ಕೆ ವೈದ್ಯನ ಪದವನ್ನೋ ರಸಾಯನಶಾಸ್ತ್ರದ ಪದವನ್ನೋ ಎರವಲು ತರಬೇಕು. ನಮಗೆ ಅದು ಷಡ್ರಸಗಳಲ್ಲಿ ಒಂದು. ಅಡಕೆ ಅಗಿಯುವ ಅಜ್ಜಿಗೂ ಅರೆಗಾಯಿ ನೇರಳೆ ತಿಂದ ಹುಡುಗನಿಗೂ ತಿಳಿದ ಪದ. ಸಿಪ್ಪೆಯಿಂದಲೂ ಬೀಜದಿಂದಲೂ, ಅದನ್ನು ಇಡುವ 225 ಲೀಟರಿನ ಓಕ್ ಪೀಪಾಯಿಯಿಂದಲೂ ಬರುವ ಟ್ಯಾನಿನ್ ಎಂಬ ದ್ರವ್ಯವೇ ಈ ಒಗರು. ಕಾಲ ಕೆಲಸ ಮಾಡುವುದು ಇದರ ಮೇಲೆ. ವರ್ಷಗಳು ಕಳೆದಂತೆ ಒಗರಿನ ಕಣಗಳೂ ಬಣ್ಣದ ಕಣಗಳೂ ಒಂದನ್ನೊಂದು ಹಿಡಿದು, ದೊಡ್ಡವಾಗಿ, ಗಷ್ಟಾಗಿ ತಳಕ್ಕೆ ಇಳಿಯುತ್ತವೆ. ನೇರಳೆಯ ಬಣ್ಣ ಮಾಣಿಕ್ಯವಾಗಿ, ಲೋಟದ ಅಂಚಿನಲ್ಲಿ ಹಳೆಯ ಇಟ್ಟಿಗೆಯಾಗುತ್ತದೆ. ಹಸಿ ಹಣ್ಣಿನ ವಾಸನೆ ಹಿಂದೆ ಸರಿದು ಒಣಗಿದ ಅಂಜೂರ, ಹೊಗೆಸೊಪ್ಪು, ಹದಮಾಡಿದ ತೊಗಲು, ಮಳೆ ಬಿದ್ದ ತೋಟದಲ್ಲಿ ಕೊಳೆಯುವ ತರಗು ಇವುಗಳ ವಾಸನೆ ಮುಂದೆ ಬರುತ್ತದೆ. ಅಂಜೂರವನ್ನು ಬಳ್ಳಾರಿಯವರಿಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ.

ನಮ್ಮ ಆಲಂಕಾರಿಕರು ಕಾವ್ಯದ ಹದವನ್ನು ಹೇಳಲು ದ್ರಾಕ್ಷಾಪಾಕ, ನಾರಿಕೇಳಪಾಕ ಎಂದು ವಿಂಗಡಿಸಿದರು. ಬಾಯಿಗಿಟ್ಟೊಡನೆ ಒಳಗೂ ಹೊರಗೂ ರಸ ಸುರಿಸುವುದು ಮೊದಲನೆಯದು. ಕರಟ ಒಡೆದಲ್ಲದೆ ತಿರುಳು ಕೊಡದ್ದು ಎರಡನೆಯದು. ಅವರು ತಿಂದ ಹಣ್ಣನ್ನು ನೆನೆದರೇ ಹೊರತು ಹುದುಗಿಸಿದ್ದನ್ನಲ್ಲ. ಬೋರ್ಡೋದ ಮೇಲ್ತರದ ಎಳೆಯ ವೈನ್ ದ್ರಾಕ್ಷಿಯಿಂದಲೇ ಆದರೂ ಅಪ್ಪಟ ನಾರಿಕೇಳಪಾಕ. ಹದಿನೈದೋ ಇಪ್ಪತ್ತೋ ವರ್ಷ ಶೀಸೆಯಲ್ಲಿ ಮಲಗಿ ಎದ್ದ ಮೇಲೆ ಅದು ದ್ರಾಕ್ಷಾಪಾಕಕ್ಕೆ ಬರುತ್ತದೆ. ಇಲ್ಲಿ ಕರಟ ಒಡೆಯುವುದು ಓದುಗನ ಬುದ್ಧಿಯಲ್ಲ, ಕಾಲ. ಈ ಒಂದು ವ್ಯತ್ಯಾಸವನ್ನು ಹಿಡಿಯಲು ನಮ್ಮ ಹಳೆಯ ಎರಡು ಪದ ಸಾಕಾಗುತ್ತವೆ. ಸೇಂಟ್ಸ್‌ಬರಿಯ ಗಂಡುತನಕ್ಕಿಂತಲೂ ಹಣ್ಣುಗಳ ಚಕ್ರಕ್ಕಿಂತಲೂ ಇವು ವಿಷಯಕ್ಕೆ ಹತ್ತಿರವೆಂದು ನನ್ನ ಮತ.

ಆದರೆ ಎಲ್ಲ ಕಾಯಿಯ ಒಳಗೂ ತಿರುಳಿರುವುದಿಲ್ಲ. ಪ್ರಪಂಚದಲ್ಲಿ ತಯಾರಾಗುವ ವೈನಿನ ಬಹುಪಾಲು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಬೇಕಾದದ್ದು. ಒಗರು, ಹುಳಿ, ಹಣ್ಣಿನ ಸಾರ ಮೂರೂ ತುಂಬಿದ್ದರೆ ಮಾತ್ರ ಕಾಲ ಅದನ್ನು ಮಾಗಿಸುತ್ತದೆ; ಇಲ್ಲದಿದ್ದರೆ ಸವೆಸುತ್ತದೆ. ಸಿರುಗುಪ್ಪದಲ್ಲಿ ಅಕ್ಕಿ ಕೊಳ್ಳುವವರು ಇದನ್ನು ಬಲ್ಲರು. ವಿಜಯನಗರದ ಕಾಲದ ಕಾಲುವೆಗಳು ಇನ್ನೂ ನೀರುಣಿಸುವ ಆ ತುಂಗಭದ್ರೆಯ ದಂಡೆಯ ಊರಿನಲ್ಲಿ ಹೊಸ ಅಕ್ಕಿಗಿಂತ ಹಳೇ ಅಕ್ಕಿಗೆ ಬೆಲೆ ಹೆಚ್ಚು. ಹೊಸದು ಅಂಟಿಕೊಂಡು ಮುದ್ದೆಯಾಗುತ್ತದೆ. ವರ್ಷ ಕಳೆದ ಸೋನಾ ಮಸೂರಿ ಹೆಚ್ಚು ನೀರು ಕುಡಿದು ಉದುರುದುರಾಗಿ ಅರಳುತ್ತದೆ. ಹಾಗೆಂದು ಮುಗ್ಗಲು ಹಿಡಿದ ಅಕ್ಕಿಯನ್ನು ಹಳೆಯದೆಂದು ಯಾರೂ ಹೊತ್ತು ತರುವುದಿಲ್ಲ. ಕನ್ನಡದಲ್ಲಿ ಹಳೆಯದು, ಹಳಸಿದ್ದು ಎಂಬ ಎರಡು ಮಾತೂ ಒಂದೇ ಬೇರಿನಿಂದ ಬಂದವು. ಅಕ್ಕಿಯ ಅಂಗಡಿಯಲ್ಲಿ ತಪ್ಪದೆ ಮಾಡುವ ಈ ವಿವೇಚನೆಯನ್ನು ಪುಸ್ತಕದ ಅಂಗಡಿಯಲ್ಲಿ ನಾವು ಮಾಡುವುದು ಅಪರೂಪ. ಶತಮಾನೋತ್ಸವಕ್ಕೆ ಬಂದ ಕವಿ ಎಂದರೆ ಸಾಕು, ಅವನ ಎಲ್ಲ ಸಾಲೂ ಮಾಗಿದ ಸಾಲೇ!

ಹಳೆಯದೆಂಬ ಹೆಮ್ಮೆಗೆ ಫ್ರಾನ್ಸಿನಲ್ಲೇ ಒಮ್ಮೆ ಪೆಟ್ಟು ಬಿತ್ತು. ಬೋರ್ಡೋದ ತೋಟಗಳಿಗೆ 1855ರಲ್ಲಿ ತರಗತಿ ಕಟ್ಟಿದರು. ಅಂದಿನಿಂದ ಮೊದಲ ತರಗತಿಗೆ ಬಡ್ತಿ ಪಡೆದದ್ದು 1973ರಲ್ಲಿ ಮೂತೊನ್ ಒಂದೇ. ಮೂರೇ ವರ್ಷಕ್ಕೆ, 1976ರ ಮೇ ತಿಂಗಳಲ್ಲಿ, ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವ್ಯಾಪಾರಿ ಪ್ಯಾರಿಸಿನಲ್ಲಿ ಫ್ರೆಂಚ್ ತಜ್ಞರನ್ನು ಕೂರಿಸಿ, ಹೆಸರು ತೋರಿಸದೆ, ಬೋರ್ಡೋದ ಪಕ್ಕದಲ್ಲಿ ಕ್ಯಾಲಿಫೋರ್ನಿಯಾದ ವೈನ್‌ಗಳನ್ನು ಬಡಿಸಿದ. ಕೆಂಪಿನಲ್ಲಿ ಮೊದಲ ಸ್ಥಾನ ಸ್ಟ್ಯಾಗ್ಸ್ ಲೀಪ್‌ನ 1973ಕ್ಕೆ ಹೋಯಿತು. 1970ರ ಮೂತೊನ್ ಕೆಳಗಾಯಿತು. ನಮ್ಮದು ಮಾಗಲು ಕಾಲ ಬೇಕು, ಆಗ ನೋಡಿ ಎಂದರು ಫ್ರೆಂಚರು. ವಾದ ನ್ಯಾಯವಾದದ್ದೇ. ಮೂವತ್ತು ವರ್ಷ ಕಾದು 2006ರಲ್ಲಿ ಅದೇ ಕೆಂಪು ವೈನ್‌ಗಳನ್ನು ಮತ್ತೆ ರುಚಿ ನೋಡಿದಾಗ ಮೊದಲ ಐದು ಸ್ಥಾನಗಳೂ ಕ್ಯಾಲಿಫೋರ್ನಿಯಾಕ್ಕೇ ಹೋದವು. ಬೋರ್ಡೋ ಕೆಟ್ಟದ್ದೆಂದು ಇದರಿಂದ ಸಿದ್ಧವಾಗುವುದಿಲ್ಲ. ಪಕ್ಕದ್ದನ್ನು ನೋಡದೆ ಕಟ್ಟಿದ ತರಗತಿ ಎಷ್ಟು ಗಟ್ಟಿ ಎಂಬುದು ತಿಳಿಯುತ್ತದೆ. ಬಳ್ಳಾರಿಯ ಜನರ ನೆನಪಿನಲ್ಲಿರುವ ಫ್ರೆಂಚನ ಕಥೆಯೂ ಇಂಥದೇ ಅಲ್ಲವೇ? ಹೈದರಾಲಿಗೆ ಕೋಟೆ ಕಟ್ಟಿಕೊಟ್ಟ ಎಂಜಿನಿಯರನು, ಎದುರಿನ ಕುಂಬಾರ ಗುಡ್ಡ ಇನ್ನೂ ಎತ್ತರವೆಂಬುದನ್ನು ಗಮನಿಸದೆ ನೇಣಿಗೇರಿದನೆಂದು ಐತಿಹ್ಯ.

ಈಗ ಮನೆಮನೆಯ ವಿಷಯ. ಹೊರದೇಶದಲ್ಲಿರುವ ಮಗನೋ ಅಳಿಯನೋ ತಂದುಕೊಟ್ಟ ಫ್ರೆಂಚ್ ಶೀಸೆ ಎಷ್ಟೋ ಮನೆಗಳ ಗಾಜಿನ ಬೀರುವಿನಲ್ಲಿ, ಬಹುಮಾನದ ಬಟ್ಟಲುಗಳ ನಡುವೆ, ನೆಟ್ಟಗೆ ನಿಂತಿದೆ. ವರ್ಷ ಹೋದಷ್ಟೂ ಬೆಲೆ ಏರುತ್ತದೆಂದು ಯಜಮಾನರ ನಂಬಿಕೆ. ವೈನ್ ಮಾಗಲು ಬೇಕಾದದ್ದು ಕತ್ತಲೆ, ಹನ್ನೆರಡು ಹದಿಮೂರು ಡಿಗ್ರಿಯ ತಂಪು, ಬಿರಡೆ ಒದ್ದೆಯಾಗಿರುವಂತೆ ಮಲಗಿಸಿದ ಶೀಸೆ. ನಲವತ್ತು ಡಿಗ್ರಿ ದಾಟುವ ಬಳ್ಳಾರಿಯ ಎರಡು ಬೇಸಗೆಯನ್ನು ನಿಂತು ಕಳೆದದ್ದು ಮಾಗುವುದಿಲ್ಲ, ಬೇಯುತ್ತದೆ. ಬಿರಡೆ ಒಣಗಿ ಗಾಳಿ ಹೊಕ್ಕು ಕೊನೆಗೆ ಹುಳಿಯಾಗುತ್ತದೆ. ಚೀಟಿಯಲ್ಲಿ ಇಸವಿ ಮಾತ್ರ ಹಾಗೆಯೇ ಉಳಿಯುತ್ತದೆ. ಸರಿಯಾಗಿ ಇಟ್ಟ ಹಳೆಯದನ್ನು ಸಹ, ಗಷ್ಟು ಕದಡದಂತೆ ದೀಪದ ಬೆಳಕಿನಲ್ಲಿ ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿ, ಬೇಗ ಕುಡಿಯಬೇಕು. ತೀರ ಮುದಿಯಾದದ್ದು ಗಾಳಿ ಸೋಕಿ ಒಂದು ಗಂಟೆಯೊಳಗೆ ಕಳೆಗುಂದುವುದುಂಟು.

ಹಂಪಿಯ ಬೆಟ್ಟಗಳ ಸಮೀಪ, ಕೊಪ್ಪಳ ಜಿಲ್ಲೆಯಲ್ಲಿ, ನಮ್ಮದೇ ಕಲ್ಲುನೆಲದಲ್ಲಿ ಅದೇ ಕ್ಯಾಬರ್ನೆ ಬಳ್ಳಿ ಹಬ್ಬಿದೆ. ಅದರ ವೈನ್ ಹೊರಗೆಲ್ಲ ಹೊಗಳಿಕೆಯನ್ನೂ ಪಡೆದಿದೆ. ಅದನ್ನು ಹತ್ತು ವರ್ಷ ತಣ್ಣಗೆ ಮಲಗಿಸಿಟ್ಟು, ಅದೇ ವಯಸ್ಸಿನ ಬೋರ್ಡೋದ ಪಕ್ಕದಲ್ಲಿ ಚೀಟಿ ಮುಚ್ಚಿ ಕುಡಿದು, ಯಾವುದರ ಒಗರು ಎಷ್ಟು ಮಾಗಿದೆ ಎಂದು ಕನ್ನಡದಲ್ಲಿ ಬರೆದ ಒಂದು ಪುಟ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ.