ಆಫ್ರಿಕದವರಂತೆ ಕಂಡರೆ ಅವಮಾನವೆ?

2024ರ ಮೇ 8ರಂದು, ಲೋಕಸಭಾ ಚುನಾವಣೆಯ ಕಾವಿನ ನಡುವೆ, ಸ್ಯಾಮ್ ಪಿತ್ರೋಡಾ ಅವರ ಸಂದರ್ಶನದ ತುಣುಕೊಂದು ದೇಶವೆಲ್ಲ ಸುತ್ತಿತು. ಭಾರತದ ವೈವಿಧ್ಯವನ್ನು ಹೊಗಳಲು ಹೊರಟ ಅವರು, ಪೂರ್ವದವರು ಚೀನೀಯರಂತೆ, ಪಶ್ಚಿಮದವರು ಅರಬರಂತೆ, ಉತ್ತರದವರು ಬಹುಶಃ ಬಿಳಿಯರಂತೆ, ದಕ್ಷಿಣದವರು ಆಫ್ರಿಕದವರಂತೆ ಕಾಣುತ್ತಾರೆ ಎಂದಿದ್ದರು. ವಾರಂಗಲ್‌ನ ಸಭೆಯಲ್ಲಿ ಪ್ರಧಾನಿ ನರೇಂದ್ರ ಮೋದಿ, ಚರ್ಮದ ಬಣ್ಣ ನೋಡಿ ದೇಶದ ಜನರನ್ನು ಅವಮಾನಿಸಲಾಗಿದೆ ಎಂದು ಗುಡುಗಿದರು. ಕಾಂಗ್ರೆಸ್ ಆ ಮಾತಿನಿಂದ ದೂರ ಸರಿಯಿತು. ಅದೇ ದಿನ ಪಿತ್ರೋಡಾ ಇಂಡಿಯನ್ ಓವರ್‌ಸೀಸ್ ಕಾಂಗ್ರೆಸ್ ಅಧ್ಯಕ್ಷ ಸ್ಥಾನ ಬಿಟ್ಟರು. ಜೂನ್ 26ಕ್ಕೆ ಅದೇ ಸ್ಥಾನಕ್ಕೆ ಮರಳಿದರು.

ಪಿತ್ರೋಡಾ ಹೇಳಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಒಂದು ದಿಕ್ಕಿನ ಜನರಿಗೆಲ್ಲ ಒಂದೇ ಮುಖ ಅಂಟಿಸುವುದು 1901ರ ಜನಗಣತಿಯ ಕಮಿಷನರ್ ರಿಸ್ಲೆ ಮೂಗಿನ ಅಳತೆಯಿಂದ ಜನಾಂಗ ಗುರುತಿಸಲು ಹೊರಟ ಹಾದಿಯದೇ ಮುಂದುವರಿಕೆ. ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಆ ಮಾತಿಗೆ ಎದ್ದ ಸಿಟ್ಟು. ಕೇಂದ್ರ ಸಚಿವೆ ನಿರ್ಮಲಾ ಸೀತಾರಾಮನ್, ನಾನು ದಕ್ಷಿಣ ಭಾರತದವಳು, ಭಾರತೀಯಳಂತೆಯೇ ಕಾಣುತ್ತೇನೆ ಎಂದು ಬರೆದರು. ಸಿಟ್ಟು ಸಹಜವೇ. ಆದರೆ ಭಾರತೀಯಳಂತೆ ಕಾಣುವುದು ಎಂದರೇನು? ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನ ಊರುಗಳಲ್ಲಿ ಸಿದ್ದಿಗಳಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ, ಬಹುಪಾಲು ಗುಲಾಮರಾಗಿ ತರಲ್ಪಟ್ಟವರ ಮಕ್ಕಳು, ಮೊಮ್ಮಕ್ಕಳು ಅವರು. ಕನ್ನಡ, ಕೊಂಕಣಿ ಆಡುತ್ತಾರೆ, ನಮ್ಮ ಹಾಗೇ ಮತಗಟ್ಟೆಯ ಸಾಲಿನಲ್ಲಿ ನಿಲ್ಲುತ್ತಾರೆ. ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿ 2020ರಿಂದ ವಿಧಾನ ಪರಿಷತ್ತಿನಲ್ಲಿದ್ದವರು. ಅವರು ಆಫ್ರಿಕದವರಂತೆಯೂ ಕಾಣುತ್ತಾರೆ, ಭಾರತೀಯರೂ ಹೌದು. ಆಫ್ರಿಕದವರಂತೆ ಎಂದಿದ್ದಕ್ಕೆ ದೇಶಕ್ಕೆ ದೇಶವೇ ಮೈ ಪರಚಿಕೊಂಡಾಗ, ಯಲ್ಲಾಪುರದ ಸಿದ್ದಿ ಹುಡುಗಿಯೊಬ್ಬಳು ಅದನ್ನು ಟೀವಿಯಲ್ಲಿ ನೋಡುತ್ತಿದ್ದರೆ ಅವಳಿಗೆ ತಿಳಿದದ್ದೇನು? ತನ್ನ ಮುಖವೇ ಒಂದು ಬೈಗುಳ ಎಂದು. ಆ ವಾರ ನಾನು ನೋಡಿದ ಯಾವ ಚರ್ಚೆಯಲ್ಲೂ ಒಬ್ಬ ಸಿದ್ದಿಯನ್ನೂ ಕೂರಿಸಿರಲಿಲ್ಲ.

ನಮ್ಮ ಪ್ರತಿಭಟನೆಗಳ ಬಗ್ಗೆ ನನ್ನ ತಕರಾರು ಇದೇ. ಕಪ್ಪು ಎಂದು ಹಂಗಿಸುವವನೂ ಕಪ್ಪನ್ನು ಕೀಳೆಂದೇ ತಿಳಿದಿರುತ್ತಾನೆ, ಹಂಗಿಸಿದ್ದಕ್ಕೆ ಕೆರಳುವವನೂ ಹಾಗೆಯೇ ತಿಳಿದಿರುತ್ತಾನೆ. ಜಗಳ ನಡೆಯುವುದು ಆ ಕೀಳು ಯಾರ ಪಾಲಿಗೆ ಬಂತು ಎಂಬುದಕ್ಕೆ ಮಾತ್ರ.

ನಮ್ಮ ರಾಜ್ಯದ್ದೇ ಎರಡು ಪ್ರಸಂಗಗಳನ್ನು ನೋಡಿ. 2023ರ ಆಗಸ್ಟ್ ಮೊದಲ ವಾರ ತೀರ್ಥಹಳ್ಳಿಯಲ್ಲಿ ಪಶ್ಚಿಮ ಘಟ್ಟ ಸಂರಕ್ಷಣೆಯ ಕಸ್ತೂರಿರಂಗನ್ ವರದಿಯ ವಿರುದ್ಧ ಪ್ರತಿಭಟನೆ. ಮಾಜಿ ಗೃಹ ಸಚಿವ ಆರಗ ಜ್ಞಾನೇಂದ್ರ ಮೈಕು ಹಿಡಿದಿದ್ದರು. ಅರಣ್ಯ ಸಚಿವ ಈಶ್ವರ ಖಂಡ್ರೆ ಬೀದರಿನವರು. ಆ ಕಡೆಯವರಿಗೆ ಮರಗಿಡ, ನೆರಳು ಏನೆಂದು ಗೊತ್ತಿಲ್ಲ, ಬಿಸಿಲಲ್ಲಿ ಸುಟ್ಟು ಕರಕಲಾದವರು, ಮಲ್ಲಿಕಾರ್ಜುನ ಖರ್ಗೆಯವರನ್ನು ನೋಡಿದರೇ ತಿಳಿಯುತ್ತದೆ ಎಂಬರ್ಥದ ಮಾತು ಬಂತು. ಮಲೆನಾಡಿನ ಅಡಿಕೆ ಬೆಳೆಗಾರರ ಆತಂಕ ನಿಜವಾದದ್ದು, ಅದನ್ನು ಹೇಳಲು ನೂರು ದಾರಿಗಳಿದ್ದವು. ಅವರು ಹಿಡಿದದ್ದು ಎದುರಿನವರ ಮೈಬಣ್ಣವನ್ನು. ಕಾಂಗ್ರೆಸ್ ಕಾರ್ಯಕರ್ತರು ಬೀದಿಗಿಳಿದರು, ಜ್ಞಾನೇಂದ್ರ ವಿಷಾದ ವ್ಯಕ್ತಪಡಿಸಿದರು. ಎಐಸಿಸಿ ಅಧ್ಯಕ್ಷರಿಗೆ, ದಲಿತ ನಾಯಕರಿಗೆ ಅವಮಾನವಾಯಿತು ಎಂಬಲ್ಲಿಗೆ ವಿಷಯ ನಿಂತಿತು. ಆ ಮಾತು ತಗುಲಿದ್ದು ಖರ್ಗೆಯವರೊಬ್ಬರಿಗೇ ಅಲ್ಲ, ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನ ಬಿಸಿಲಲ್ಲಿ ದುಡಿಯುವ ಎಲ್ಲರಿಗೂ.

ನಮ್ಮ ರಸ್ತೆಯಲ್ಲಿ ಕಳೆದ ವರ್ಷ ಮೂರಂತಸ್ತಿನ ಮನೆಯೊಂದು ಎದ್ದಿತು. ಕೆಲಸಕ್ಕೆ ಬಂದವರು ಯಾದಗಿರಿ ಕಡೆಯವರು. ಅವರಲ್ಲೊಬ್ಬಾಕೆ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಸಿಂಬಿ ಇಟ್ಟು, ದಿನವಿಡೀ ಸಿಮೆಂಟು ಕಲಸಿದ ಬಾಣಲಿ ಹೊರುತ್ತಿದ್ದಳು. ಮಗಳನ್ನು ಇಲ್ಲಿನ ಸರ್ಕಾರಿ ಶಾಲೆಗೆ ಸೇರಿಸಬೇಕೆಂದು ಅರ್ಜಿ ತುಂಬಿಸಲು ನನ್ನ ಬಳಿ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ತನ್ನ ಹಳೆಯ ಆಧಾರ್ ಕಾರ್ಡು. ಅದರ ಫೋಟೊವನ್ನೂ ಅವಳ ಮುಖವನ್ನೂ ನಾನು ಬರಿದೇ ಒಮ್ಮೆ ನೋಡಿದೆ, ಅಷ್ಟೇ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ಇಲ್ಲಿಗ್ ಬಂದ ಮ್ಯಾಲ ಇಷ್ಟ್ ಕರ್ರಗಾಗೀನ್ರಿ ಸರ. ಊರಾಗಿದ್ದಾಗ ಹಿಂಗಿರ್ಲಿಲ್ಲ” ಅಂದಳು. ಯಾರೂ ಕೇಳಿರಲಿಲ್ಲ. ಆದರೂ ತನ್ನ ಬಣ್ಣಕ್ಕೆ ತಾನೇ ಸಮಜಾಯಿಷಿ ಕೊಟ್ಟಳು. ಸುಟ್ಟು ಕರಕಲು ಎಂಬ ಮಾತು ಹೋಗಿ ನಾಟುವುದು ಇಂಥ ಕಡೆ. ವಿಷಾದದ ಹೇಳಿಕೆ ಇಲ್ಲಿಯವರೆಗೆ ಬರುವುದಿಲ್ಲ.

ಎರಡನೆಯ ಪ್ರಸಂಗ 2024ರ ನವೆಂಬರಿನದು, ಚನ್ನಪಟ್ಟಣ ಉಪಚುನಾವಣೆ. ಕಾಂಗ್ರೆಸ್ ಅಭ್ಯರ್ಥಿ ಸಿ.ಪಿ. ಯೋಗೇಶ್ವರ್ ಪರ ಪ್ರಚಾರಕ್ಕೆ ಬಂದ ಸಚಿವ ಜಮೀರ್ ಅಹ್ಮದ್ ಖಾನ್, ಎಚ್.ಡಿ. ಕುಮಾರಸ್ವಾಮಿಯವರ ಹೆಸರಿನ ಹಿಂದೆ ‘ಕಾಲಿಯಾ’, ಅಂದರೆ ಕರಿಯ, ಎಂಬ ಮಾತು ಸೇರಿಸಿದರು. ಈ ಸಲ ಬೀದಿಗಿಳಿದವರು ಜೆಡಿಎಸ್, ಬಿಜೆಪಿಯವರು, ಸಮರ್ಥನೆಗೆ ನಿಂತದ್ದು ಕಾಂಗ್ರೆಸ್ ಕಡೆ. ಜಮೀರ್ ಕೊಟ್ಟ ವಿವರಣೆ ಗಮನಿಸಬೇಕಾದದ್ದು: ಹಿಂದೆ ಜೊತೆಗಿದ್ದಾಗ ಪ್ರೀತಿಯಿಂದ ಹಾಗೇ ಕರೆಯುತ್ತಿದ್ದೆ, ಅವರು ನನ್ನನ್ನು ಕುಳ್ಳ ಅನ್ನುತ್ತಿದ್ದರು, ನೋವಾಗಿದ್ದರೆ ಕ್ಷಮೆ ಕೇಳುತ್ತೇನೆ.

ಕನ್ನಡದಲ್ಲಿ ಕರಿಯ ಎಂಬುದು ಪ್ರೀತಿಯ ಮಾತೂ ಹೌದು, ಅದನ್ನು ಒಪ್ಪುತ್ತೇನೆ. ಕರಿಯಪ್ಪ, ಕರಿಬಸಪ್ಪ, ಕರಿಯಮ್ಮ ಎಂದು ಮಕ್ಕಳಿಗೂ ದೇವರಿಗೂ ಹೆಸರಿಟ್ಟ ನಾಡು ಇದು. ಬಯಲುಸೀಮೆಯ ರೈತ ಎರೆ ಹೊಲವಿದೆ ಎಂದು ಎದೆ ಉಬ್ಬಿಸಿ ಹೇಳುತ್ತಾನೆ. ಹಿತ್ತಲಲ್ಲಿ ಅಜ್ಜಿ ಮೊಮ್ಮಗನನ್ನು ‘ನನ್ನ ಕರಿಯಾ’ ಎಂದು ಕರೆದರೆ ಆ ಮಗು ಓಡಿ ಬಂದು ಮಡಿಲಲ್ಲಿ ಕೂರುತ್ತದೆ. ಅದೇ ಪದವನ್ನು ಮತ ಕೇಳುವ ವೇದಿಕೆಯಲ್ಲಿ, ಎದುರಾಳಿಯ ಹೆಸರಿಗೆ ಕಟ್ಟಿ, ಸಾವಿರ ಜನರ ಮುಂದೆ ಎಸೆದರೆ ಅದರಲ್ಲಿ ಪ್ರೀತಿಗೆ ಎಡೆ ಎಲ್ಲಿದೆ? ಸಲುಗೆ ಇಬ್ಬರ ನಡುವಿನದು, ಧ್ವನಿವರ್ಧಕಕ್ಕೆ ಸಲುಗೆಯಿಲ್ಲ. ಇನ್ನು ‘ನೋವಾಗಿದ್ದರೆ’ ಎಂಬ ಪದ. ಅದು ತಪ್ಪನ್ನು ಆಡಿದವನ ನಾಲಿಗೆಯಿಂದ ತೆಗೆದು ಕೇಳಿದವನ ಮನಸ್ಸಿಗೆ ಹೊರಿಸುತ್ತದೆ. ಹಾಗೆ ಕೇಳಿದ ಕ್ಷಮೆಯನ್ನು ನಾನು ಕ್ಷಮೆ ಎಂದು ಒಪ್ಪಲಾರೆ.

ಮತದಾನ ಮುಗಿದ ಮೇಲೆ ಯೋಗೇಶ್ವರ್ ಅವರೇ ಆ ಮಾತಿನಿಂದ ತಮಗೆ ಪೆಟ್ಟು ಬಿತ್ತು ಎಂದು ಲೆಕ್ಕ ಹಾಕಿದರು. ನವೆಂಬರ್ 23ರಂದು ಅವರು 25,413 ಮತಗಳಿಂದ ಗೆದ್ದರು. ಅಲ್ಲಿಗೆ ಎಲ್ಲರೂ ಸುಮ್ಮನಾದರು. ಮತಕ್ಕೆ ಎಷ್ಟು ನಷ್ಟ ಎಂಬುದಷ್ಟೇ ಪ್ರಶ್ನೆಯಾಗಿದ್ದರೆ, ಗೆದ್ದ ಮೇಲೆ ಪ್ರಶ್ನೆ ಉಳಿಯುವುದಿಲ್ಲ.

ನಾಯಕರ ಮೈಬಣ್ಣಕ್ಕೆ ಇಷ್ಟು ನೊಂದುಕೊಳ್ಳುವ ನಾವು, ಅಧಿಕಾರವಿಲ್ಲದವರ ಮೇಲೆ ಕೈ ಬಿದ್ದಾಗ ಏನು ಮಾಡಿದೆವು? 2016ರ ಜನವರಿ 31ರ ರಾತ್ರಿ, ಬೆಂಗಳೂರಿನ ಹೆಸರಘಟ್ಟದ ಹತ್ತಿರ ಸುಡಾನಿನ ಯುವಕನೊಬ್ಬನ ಕಾರು ಹರಿದು ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಬೇರೊಂದು ಕಾರಿನಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಹೊಡೆಯಿತು, ಕಾರಿಗೆ ಬೆಂಕಿ ಇಟ್ಟಿತು. ಅಪಘಾತಕ್ಕೂ ಅವಳಿಗೂ ಇದ್ದ ನಂಟು ಚರ್ಮದ ಬಣ್ಣ ಒಂದೇ. ಅಂದಿನ ಗೃಹ ಸಚಿವ ಜಿ. ಪರಮೇಶ್ವರ್, ಇದು ಜನಾಂಗೀಯ ದಾಳಿಯಲ್ಲ ಎಂದರು. ಬಣ್ಣ ನೋಡಿ ಹೊಡೆದದ್ದು ಜನಾಂಗೀಯವಲ್ಲವಾದರೆ ಇನ್ನಾವುದು?

2014ರ ಆರಂಭದಲ್ಲಿ ಅರುಣಾಚಲದ ವಿದ್ಯಾರ್ಥಿಯೊಬ್ಬ ದೆಹಲಿಯಲ್ಲಿ ಏಟು ತಿಂದು ಸತ್ತ ಮೇಲೆ ಕೇಂದ್ರ ಸರ್ಕಾರ ಬೇಜ್‌ಬರುವಾ ಸಮಿತಿ ನೇಮಿಸಿತು. ಜನಾಂಗದ ಹೆಸರಲ್ಲಿ ಹೀಯಾಳಿಸುವುದಕ್ಕೂ ಹೊಡೆಯುವುದಕ್ಕೂ ಪ್ರತ್ಯೇಕ ಕಾನೂನು ಬೇಕೆಂದು ಸಮಿತಿ ಅದೇ ವರ್ಷ ವರದಿ ಕೊಟ್ಟಿತು. ದಂಡಸಂಹಿತೆಗೆ 153ಸಿ, 509ಎ ಎಂಬ ಎರಡು ಕಲಮು ಸೇರಿಸುವ ಪ್ರಸ್ತಾವವೂ ಸಿದ್ಧವಾಯಿತು. ಪಿತ್ರೋಡಾ ಮಾತಿಗೆ ಕಿಡಿಕಾರಿದವರ ಕೈಯಲ್ಲೇ ಹತ್ತು ವರ್ಷ ಸರ್ಕಾರವಿತ್ತು, ಖರ್ಗೆಯವರಿಗಾಗಿ ಬೀದಿಗಿಳಿದವರು ವಿರೋಧ ಪಕ್ಷದಲ್ಲಿದ್ದು ಒತ್ತಾಯಿಸಬಹುದಿತ್ತು. ಪಿತ್ರೋಡಾ ಗದ್ದಲ ಮುಗಿದು ಎರಡು ತಿಂಗಳೊಳಗೆ, 2024ರ ಜುಲೈ 1ರಂದು ದಂಡಸಂಹಿತೆಯ ಜಾಗಕ್ಕೆ ಹೊಸ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಆ ಎರಡು ಕಲಮು ಅದರಲ್ಲಿ ಇರಲಿಲ್ಲ.