ಆ ಮಗುವನ್ನು ಯಾರೂ ಕೇಳಲಿಲ್ಲ

ಗಂಡೆಂಬ, ಹೆಣ್ಣೆಂಬ ಭಾವ ಹುಟ್ಟಿನಿಂದಲೋ ಬೆಳೆಸಿದ್ದರಿಂದಲೋ ಎಂಬ ವಾದ ಎದ್ದಾಗಲೆಲ್ಲ ಜಾನ್ ಕೊಲಾಪಿಂಟೊ ಅವರ ‘ಆ್ಯಸ್ ನೇಚರ್ ಮೇಡ್ ಹಿಮ್’ (2000) ಪುಸ್ತಕವನ್ನು ಸಾಕ್ಷಿಗೆ ಕರೆಯುವವರಿದ್ದಾರೆ.

1965ರಲ್ಲಿ ಕೆನಡಾದಲ್ಲಿ ಹುಟ್ಟಿದ ಡೇವಿಡ್ ರೈಮರ್‌ಗೆ ಎಂಟು ತಿಂಗಳಿದ್ದಾಗ ಆಸ್ಪತ್ರೆಯಲ್ಲಿ ಮಾಡಿದ ಸುನ್ನತಿ (ಧರ್ಮಕ್ಕಾಗಿ ಅಲ್ಲ, ಮೂತ್ರದ ತೊಂದರೆಗೆಂದು) ಕೆಟ್ಟು ಶಿಶ್ನ ಸುಟ್ಟುಹೋಯಿತು. ಬೆಳೆಸಿದಂತೆ ಮಗು ಎಂದು ನಂಬಿದ್ದ ಮನಶ್ಶಾಸ್ತ್ರಜ್ಞ ಜಾನ್ ಮನಿ ಅವರ ಮಾತಿನಂತೆ ವೃಷಣ ತೆಗೆಸಿ, ಬ್ರೆಂಡಾ ಎಂದು ಕರೆದು, ಫ್ರಾಕ್ ತೊಡಿಸಿದರು. ಮಗು ಅದನ್ನು ಕಿತ್ತೆಳೆಯಿತು. ಆದರೂ ಮನಿ ಪ್ರಯೋಗ ಗೆದ್ದಿತೆಂದೇ ಬರೆದರು! 14ನೇ ವಯಸ್ಸಿನಲ್ಲಿ ತಂದೆಯಿಂದ ನಿಜ ತಿಳಿದ ಮೇಲೆ ಆತ ಗಂಡಾಗಿ ಬಾಳಿದ; 2004ರಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ.

ಹಾಗಾದರೆ ದೇಹವೇ ಎಲ್ಲವೇ? ನಾವು ಒಪ್ಪೆವು. ಇಂಥದೇ ಅವಘಡಕ್ಕೆ ಸಿಕ್ಕ ಕೆನಡಾದ ಇನ್ನೊಂದು ಮಗು ಹೆಣ್ಣಾಗಿ ಬೆಳೆದು ಹೆಣ್ಣಾಗಿಯೇ ಬಾಳುತ್ತಿದ್ದುದನ್ನು ವೈದ್ಯರು 1998ರಲ್ಲಿ ವರದಿ ಮಾಡಿದ್ದಾರೆ. ಪುಸ್ತಕದ ಹೆಸರೇ ಪ್ರಕೃತಿಯ ಪರ ತೀರ್ಪು ಕೊಟ್ಟುಬಿಡುತ್ತದೆ. ಒಳಪುಟಗಳಲ್ಲಿ ನಮ್ಮನ್ನು ಕಾಡುವವರು ಬೇರೆ: ‘ಒಲ್ಲೆ’ ಎಂದು ವರ್ಷಗಟ್ಟಲೆ ಹೇಳುತ್ತಲೇ ಇದ್ದ ಮಗು, ಟಿವಿಯಲ್ಲಿ ಮನಿಯವರನ್ನು ಕಂಡು, ನಂಬಿ, ಪತ್ರ ಬರೆದ ಆ ಎಳೆಯ ತಾಯಿ. ಮಕ್ಕಳಿರುವ ನಾವು, ಅಂಥ ಪತ್ರ ನಮ್ಮ ಕೈಯಿಂದ ಹೋಗುತ್ತಿರಲಿಲ್ಲವೆಂದು ಎದೆ ಮುಟ್ಟಿ ಹೇಳಲಾರೆವು.